ಪ್ರತಿ ರೈತನ ಮನೆಗೂ ಒಂದು ಮಳೆಮಾಪಕ

ಬಿತ್ತನೆ ಬೀಜವನ್ನು ನಾವು ತೂಗಿ ತರುತ್ತೇವೆ. ಗೊಬ್ಬರದ ಚೀಲಗಳನ್ನು ಎಣಿಸಿ ಗಾಡಿಗೆ ಏರಿಸುತ್ತೇವೆ. ಕೂಲಿಯನ್ನು ಆಳಿನ ಲೆಕ್ಕದಲ್ಲಿ, ಔಷಧಿಯನ್ನು ಮಿಲಿಲೀಟರಿನ ಲೆಕ್ಕದಲ್ಲಿ, ಡೇರಿಗೆ ಹಾಕುವ ಹಾಲನ್ನು ಲೀಟರಿನ ಲೆಕ್ಕದಲ್ಲಿ ಬರೆದಿಡುತ್ತೇವೆ. ಆದರೆ ಬೇಸಾಯಕ್ಕೆ ಬೇಕಾದ ವಸ್ತುಗಳಲ್ಲೆಲ್ಲ ದೊಡ್ಡದಾದ, ಅದಿಲ್ಲದೆ ಉಳಿದ ಯಾವುದೂ ಫಲ ಕೊಡದ ಮಳೆ ಮಾತ್ರ ಇನ್ನೂ ಅಂದಾಜಿನಲ್ಲೇ ಉಳಿದಿದೆ. "ರಾತ್ರಿ ಒಳ್ಳೆ ಮಳೆ", "ಒಂದು ಹದ ಆಯಿತು", "ಧೂಳು ಅಡಗುವಷ್ಟು ಹನಿಯಿತು" ಎಂಬ ಮಾತುಗಳಲ್ಲೇ ನಮ್ಮ ಲೆಕ್ಕ ಮುಗಿಯುತ್ತದೆ.

ಈ ಮಾತುಗಳು ಸುಳ್ಳೆಂದು ಯಾರೂ ಹೇಳಲಾರರು. ಅವುಗಳ ಹಿಂದೆ ತಲೆಮಾರುಗಳ ಅನುಭವವಿದೆ. ತೊಂದರೆ ಇರುವುದು ಬೇರೆ ಕಡೆ. ಗುಡುಗು ಸಿಡಿಲಿನ ಅಬ್ಬರದಲ್ಲಿ ಬಂದ 10 ಮಿ.ಮೀ. ಮಳೆ ಮನಸ್ಸಿಗೆ ದೊಡ್ಡದಾಗಿ ತೋರುತ್ತದೆ. ಇಡೀ ರಾತ್ರಿ ಸದ್ದಿಲ್ಲದೆ ಜಿನುಗಿದ 25 ಮಿ.ಮೀ. ಮಳೆ ಚಿಕ್ಕದಾಗಿ ತೋರುತ್ತದೆ. ಒಬ್ಬರ "ಒಳ್ಳೆ ಮಳೆ" ಇನ್ನೊಬ್ಬರಿಗೆ "ಸಾಧಾರಣ ಮಳೆ". ಹೋದ ವರ್ಷದ ರೋಹಿಣಿ ಮಳೆಗೂ ಈ ವರ್ಷದ್ದಕ್ಕೂ ಎಷ್ಟು ವ್ಯತ್ಯಾಸವೆಂದು ಕೇಳಿದರೆ ನೆನಪು ಕೈಕೊಡುತ್ತದೆ. ಮುಂಗಾರಿನ ಮೊದಲ ಮಳೆಗೆ ಬಿತ್ತಿ, ಮೊಳಕೆ ಒಣಗಿ, ಸಾಲ ಮಾಡಿ ಮತ್ತೆ ಬೀಜ ತಂದು ಎರಡನೆಯ ಸಲ ಬಿತ್ತಿದ ರೈತರು ಪ್ರತಿ ಊರಿನಲ್ಲೂ ಇದ್ದಾರೆ. ಇದರಲ್ಲಿ ಸ್ವಲ್ಪ ಭಾಗ ದೈವದ ಕೈಯಲ್ಲಿದ್ದರೂ, ಉಳಿದದ್ದು ಆ ದಿನ ಎಷ್ಟು ಮಳೆ ಬಿತ್ತೆಂಬ ತಿಳಿವಳಿಕೆಗೆ ಸೇರಿದ್ದು. ಆ ತಿಳಿವಳಿಕೆ ಕೊಡುವ ಸರಳ ಸಾಧನವೇ ಮಳೆಮಾಪಕ. ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಓದಿ ಬರೆಯಬಲ್ಲ ಯಾರಾದರೂ ಇದನ್ನು ಉಪಯೋಗಿಸಬಹುದು.

ಮಿಲಿಮೀಟರ್ ಎಂದರೇನು?

ರೇಡಿಯೋದಲ್ಲಿ, ಪತ್ರಿಕೆಯಲ್ಲಿ "20 ಮಿ.ಮೀ. ಮಳೆಯಾಗಿದೆ" ಎಂಬ ಸುದ್ದಿ ಬರುತ್ತದೆ. ನೀರನ್ನು ಲೀಟರಿನಲ್ಲಿ ಅಳೆಯುವುದು ಬಿಟ್ಟು, ಬಟ್ಟೆ ಅಳೆದ ಹಾಗೆ ಉದ್ದದ ಅಳತೆಯಲ್ಲಿ ಹೇಳುವುದೇಕೆ ಎಂಬ ಸಂಶಯ ಹಲವರಿಗೆ ಇದೆ. ಉತ್ತರ ಸರಳ. ಬಿದ್ದ ಮಳೆ ಹರಿದು ಹೋಗದೆ, ಇಂಗದೆ, ಆರದೆ, ಬಿದ್ದಲ್ಲಿಯೇ ಸಮತಟ್ಟಾಗಿ ನಿಂತರೆ ಆ ನೀರಿನ ಆಳ ಎಷ್ಟಿರುತ್ತದೋ ಅದೇ ಮಳೆಯ ಅಳತೆ. 20 ಮಿ.ಮೀ. ಮಳೆ ಎಂದರೆ ನೆಲದ ಮೇಲೆಲ್ಲ ಎರಡು ಸೆಂಟಿಮೀಟರ್ ದಪ್ಪದ ನೀರಿನ ಹಾಸು.

ಇದನ್ನು ಲೀಟರಿಗೆ ತಿರುಗಿಸಿಕೊಳ್ಳುವುದು ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ ಅದು ಸರಿಯಾಗಿ 1 ಲೀಟರ್ ನೀರು. ಒಂದು ಗುಂಟೆಗೆ 101 ಲೀಟರ್, ಎಂದರೆ ಹೆಚ್ಚು ಕಡಿಮೆ ನೂರು. ಒಂದು ಎಕರೆಗೆ 4,047 ಲೀಟರ್. ಇದರಲ್ಲಿ ಗುಂಟೆಯ ಲೆಕ್ಕ ನೆನಪಿಡಲು ಸುಲಭ: ಒಂದು ಗುಂಟೆ, ಒಂದು ಮಿ.ಮೀ., ನೂರು ಲೀಟರ್.

ಈಗ 25 ಮಿ.ಮೀ. ಮಳೆಯ ಬೆಲೆ ಕಟ್ಟೋಣ. ಒಂದು ಎಕರೆಗೆ ಇದು ಒಂದು ಲಕ್ಷ ಲೀಟರ್ ನೀರು. 5,000 ಲೀಟರ್ ಹಿಡಿಯುವ ಟ್ಯಾಂಕರಿನಲ್ಲಿ ತರಿಸುವುದಾದರೆ ಇಪ್ಪತ್ತು ಟ್ಯಾಂಕರ್ ಬೇಕು. ಗಂಟೆಗೆ 10,000 ಲೀಟರ್ ಎತ್ತುವ ಪಂಪು ಹತ್ತು ಗಂಟೆ ಓಡಬೇಕು. ಒಂದೇ ಒಂದು ಹದ ಮಳೆ ಇಷ್ಟನ್ನು ಪುಕ್ಕಟೆಯಾಗಿ ಕೊಟ್ಟು ಹೋಗುತ್ತದೆ. ಇಂಥ ಆದಾಯವನ್ನು ಲೆಕ್ಕಕ್ಕೇ ಹಿಡಿಯದೆ ಬಿಡುವುದು ಜಾಣತನವಲ್ಲ.

ಮಲೆನಾಡಿನ ಮತ್ತು ಕೊಡಗಿನ ಕಾಫಿ ಬೆಳೆಗಾರರಿಗೆ ಇದು ಹೊಸ ವಿಷಯವಲ್ಲ. ಅಲ್ಲಿನ ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಡುವ ಪದ್ಧತಿ ಹಿಂದಿನಿಂದ ಬಂದದ್ದು. ಅವರು ಇಂದಿಗೂ ಇಂಚು ಮತ್ತು ಸೆಂಟಿನಲ್ಲಿ ಮಾತನಾಡುತ್ತಾರೆ. ಒಂದು ಇಂಚಿಗೆ ನೂರು ಸೆಂಟು, ಒಂದು ಇಂಚಿಗೆ 25.4 ಮಿ.ಮೀ., ಆದ್ದರಿಂದ ನಾಲ್ಕು ಸೆಂಟು ಎಂದರೆ ಸುಮಾರು 1 ಮಿ.ಮೀ. ಹೂ ಮಳೆ ಇಂಚಿಗಿಂತ ಕಡಿಮೆಯಾದರೆ ತುಂತುರು ನೀರಾವರಿಯಿಂದ ಅದನ್ನು ತುಂಬಿಕೊಡಬೇಕೆ ಎಂದು ಅವರು ಅಂದೇ ತೀರ್ಮಾನಿಸಬೇಕು. ಆದ್ದರಿಂದ ಅಳತೆ ಅವರಿಗೆ ಅನಿವಾರ್ಯವಾಯಿತು. ಮಳೆ ಹೇರಳವಾಗಿ ಬೀಳುವ ಸೀಮೆಯವರೇ ಇಷ್ಟು ಜಾಗ್ರತೆಯಿಂದ ಅಳೆಯುವಾಗ, ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ ಕಾಣುವ ಚಳ್ಳಕೆರೆಯಂಥ ಬಯಲುಸೀಮೆಯವರಿಗೆ ಒಂದೊಂದು ಮಿಲಿಮೀಟರೂ ಎಷ್ಟು ಮುಖ್ಯವೆಂದು ಬೇರೆ ಹೇಳಬೇಕಾಗಿಲ್ಲ.

ಹಳೆಯ ಉಪಾಯ

ಮಳೆ ಅಳೆಯುವ ಯೋಚನೆ ನಮ್ಮ ದೇಶಕ್ಕೆ ಹೊಸದಲ್ಲ. ಉಗ್ರಾಣದ ಮುಂದೆ ಒಂದು ಅರತ್ನಿ, ಎಂದರೆ ಸುಮಾರು ಒಂದು ಮೊಳ ಅಗಲದ ಬಾಯಿಯ ಪಾತ್ರೆಯನ್ನು ಮಳೆಯ ಅಳತೆಗೆಂದು ಇಡಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹೇಳಿದೆ. ಯಾವ ಸೀಮೆಯಲ್ಲಿ ಎಷ್ಟು ಮಳೆ, ಅದಕ್ಕೆ ತಕ್ಕಂತೆ ಯಾವ ಬಿತ್ತನೆ ಎಂಬ ವಿಚಾರವೂ ಅದೇ ಗ್ರಂಥದಲ್ಲಿದೆ. ಕೊರಿಯಾ ದೇಶದಲ್ಲಿ 1441ರ ಸುಮಾರಿಗೆ ಅರಸನ ಆಜ್ಞೆಯಂತೆ ಒಂದೇ ಅಳತೆಯ ಲೋಹದ ಮಳೆಮಾಪಕಗಳು ಬಳಕೆಗೆ ಬಂದವು. ಬೇಸಾಯದ ಆಡಳಿತ ನಡೆಸುವವರಿಗೆ ಮಳೆಯ ಲೆಕ್ಕ ಬೇಕೆಂಬುದು ಅಂದೇ ತಿಳಿದಿತ್ತು.

ನಮ್ಮ ಅಂಗಳಗಳಲ್ಲೂ ಒಂದು ಮಾಪಕವಿತ್ತು. ಅದು ಒರಳುಕಲ್ಲು. "ಒರಳು ತುಂಬಿತು" ಎಂದರೆ ದೊಡ್ಡ ಮಳೆ. ಆದರೆ ಒರಳಿನ ಬಾಯಿ ಅಗಲ, ತಳ ಕಿರಿದು. ಅಗಲವಾದ ಬಾಯಿಯಿಂದ ಬಿದ್ದ ನೀರು ಕಿರಿದಾದ ತಳದಲ್ಲಿ ಸೇರುವುದರಿಂದ ಸ್ವಲ್ಪ ಮಳೆಗೇ ಹೆಚ್ಚು ಆಳ ಕಾಣುತ್ತದೆ. ಬಕೆಟ್ಟು, ಬೋಗುಣಿ, ತಪ್ಪಲೆಗಳಲ್ಲೂ ಇದೇ ದೋಷ. ಸರಿಯಾದ ಮಾಪಕದ ಗೋಡೆ ಮೇಲಿನಿಂದ ಕೆಳಗಿನವರೆಗೆ ನೇರವಾಗಿರಬೇಕು, ತಳ ಮಟ್ಟಸವಾಗಿರಬೇಕು.

ಹಾಗಿದ್ದರೆ ಪಾತ್ರೆ ಎಷ್ಟು ಅಗಲವಿರಬೇಕು? ನೇರ ಗೋಡೆಯ ಪಾತ್ರೆಯಾದರೆ ಅಗಲ ಎಷ್ಟಿದ್ದರೂ ಆಳ ಒಂದೇ ಬರುತ್ತದೆ. ಅಗಲದ ಡಬ್ಬಿಗೆ ಹೆಚ್ಚು ಹನಿ ಬೀಳುತ್ತವೆ, ಆದರೆ ಆ ನೀರು ಅಗಲವಾದ ತಳದಲ್ಲಿಯೇ ಹರಡಿಕೊಳ್ಳಬೇಕು. ಕಿರಿದಾದ ಡಬ್ಬಿಗೆ ಕಡಿಮೆ ಹನಿ, ಹರಡಿಕೊಳ್ಳುವ ಜಾಗವೂ ಕಡಿಮೆ. ಆದ್ದರಿಂದ ಎರಡರಲ್ಲೂ ನೀರಿನ ಮಟ್ಟ ಸಮ. ಆದರೂ ತೀರ ಕಿರಿದಾದ ಪಾತ್ರೆಯಲ್ಲಿ ಗಾಳಿಯಿಂದಾಗುವ ತಪ್ಪು ಹೆಚ್ಚು. ಒಂದು ಗೇಣಿನ ಅರ್ಧದಷ್ಟಾದರೂ ಅಗಲವಿದ್ದರೆ ಒಳ್ಳೆಯದು.

ಮನೆಯಲ್ಲೇ ಮಾಡಿಕೊಳ್ಳುವ ಬಗೆ

1. ಬಾಟಲಿ ಮಾಪಕ. ತಂಪು ಪಾನೀಯದ ಎರಡು ಲೀಟರಿನ, ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಮೇಲ್ಭಾಗ ಕಿರಿದಾಗಲು ಪ್ರಾರಂಭವಾಗುವ ಕಡೆ ಸುತ್ತಲೂ ಕತ್ತರಿಸಿ. ಕತ್ತರಿಸಿದ ತುಂಡನ್ನು ತಲೆಕೆಳಗು ಮಾಡಿ ಆಲಿಕೆಯಂತೆ ಅದೇ ಬಾಟಲಿಯ ಬಾಯಿಗೆ ಕೂರಿಸಿ. ಇದರಿಂದ ಬಿದ್ದ ನೀರು ಬಿಸಿಲಿಗೆ ಆರುವುದು ಕಡಿಮೆಯಾಗುತ್ತದೆ, ಎಲೆ ಕಡ್ಡಿ ಒಳಗೆ ಬೀಳುವುದಿಲ್ಲ. ಬಾಟಲಿಯ ತಳ ಉಬ್ಬು ತಗ್ಗಾಗಿರುವುದರಿಂದ ಒಂದು ಹಿಡಿ ಸಣ್ಣ ಕಲ್ಲು ಹಾಕಿ, ನೇರ ಗೋಡೆ ಪ್ರಾರಂಭವಾಗುವವರೆಗೆ ನೀರು ತುಂಬಿ. ಆ ಮಟ್ಟಕ್ಕೆ ಬಣ್ಣದಿಂದ ಗೆರೆ ಎಳೆಯಿರಿ. ಇದು ಸೊನ್ನೆ. ಅಲ್ಲಿಂದ ಮೇಲಕ್ಕೆ ಮಕ್ಕಳ ಅಳತೆ ಪಟ್ಟಿಯಿಂದ ಮಿ.ಮೀ. ಗುರುತು ಹಾಕಿ. ಪ್ರತಿ ಸಲ ಓದಿದ ಮೇಲೆ ನೀರನ್ನು ಸೊನ್ನೆಯ ಗೆರೆಗೆ ತರಬೇಕು. ಮಳೆಯಿಲ್ಲದ ದಿನ ನೀರು ಆರಿ ಕೆಳಗಿಳಿದಿದ್ದರೆ ತುಂಬಬೇಕು.

2. ಆಲಿಕೆ ಮಾಪಕ. ಇದು ಇನ್ನೂ ಕರಾರುವಾಕ್ಕು. ಬಾಯಿ 16 ಸೆಂ.ಮೀ. ಅಗಲವಿರುವ ಆಲಿಕೆಯನ್ನು ನಾಲ್ಕು ಲೀಟರಿನ ಕ್ಯಾನಿಗೆ ಕೂರಿಸಿ. ಈ ಆಲಿಕೆಯ ಬಾಯಿಯ ವಿಸ್ತೀರ್ಣ 200 ಚದರ ಸೆಂ.ಮೀ. ಇದರ ಮೂಲಕ ಸೇರುವ ಪ್ರತಿ 20 ಮಿಲಿಲೀಟರ್ ನೀರು 1 ಮಿ.ಮೀ. ಮಳೆಗೆ ಸಮ. ಔಷಧಿ ಅಳೆಯಲು ಮನೆಯಲ್ಲಿರುವ ಅಳತೆ ಲೋಟದಿಂದಲೇ ನೀರನ್ನು ಅಳೆಯಬಹುದು. ಆದರೆ ಕೀಟನಾಶಕಕ್ಕೆ ಬಳಸಿದ ಲೋಟವನ್ನು ಮಕ್ಕಳ ಕೈಗೆ ಕೊಡಬೇಡಿ, ಇದಕ್ಕೆಂದೇ ಬೇರೆ ಇಡಿ. 360 ಮಿಲಿಲೀಟರ್ ಸಿಕ್ಕರೆ ಇಪ್ಪತ್ತರಿಂದ ಭಾಗಿಸಿ, 18 ಮಿ.ಮೀ. ನಾಲ್ಕು ಲೀಟರಿನ ಕ್ಯಾನು 200 ಮಿ.ಮೀ. ಮಳೆಯವರೆಗೆ ತುಂಬಿ ಚೆಲ್ಲುವುದಿಲ್ಲ. ಆಲಿಕೆ 11.3 ಸೆಂ.ಮೀ. ಅಗಲವಿದ್ದರೆ ವಿಸ್ತೀರ್ಣ 100 ಚದರ ಸೆಂ.ಮೀ., ಆಗ ಹತ್ತರಿಂದ ಭಾಗಿಸಬೇಕು.

ಅಂಗಡಿಯಲ್ಲಿ ದೊರೆಯುವ ಪ್ರಮಾಣಿತ ಮಳೆಮಾಪಕವೂ ಇದೇ ತತ್ತ್ವದ ಮೇಲೆ ಕೆಲಸ ಮಾಡುತ್ತದೆ. ಅದರೊಡನೆ ಬರುವ ಗಾಜಿನ ಕೊಳವೆಯ ಅಳತೆಯನ್ನು ಆ ಮಾಪಕದ ಬಾಯಿಗೆ ಹೊಂದಿಸಿ ಗುರುತು ಹಾಕಿರುತ್ತಾರೆ. ಆದ್ದರಿಂದ ಒಂದು ಮಾಪಕದ ಕೊಳವೆಯನ್ನು ಇನ್ನೊಂದಕ್ಕೆ ಬಳಸಬಾರದು.

ಎಲ್ಲಿ ಇಡಬೇಕು?

ಎಷ್ಟೇ ಒಳ್ಳೆಯ ಮಾಪಕವಾದರೂ ತಪ್ಪು ಜಾಗದಲ್ಲಿಟ್ಟರೆ ತಪ್ಪು ಲೆಕ್ಕ ಕೊಡುತ್ತದೆ. ಸೂರಿನ ಕೆಳಗೆ, ತೆಂಗಿನ ಮರದ ಬುಡದಲ್ಲಿ, ಗೋಡೆಯ ಮಗ್ಗುಲಲ್ಲಿ ಇಡಬಾರದು. ಮನೆಯಾಗಲಿ ಮರವಾಗಲಿ, ಅದರ ಎತ್ತರದ ಎರಡರಷ್ಟಾದರೂ ದೂರವಿರಲಿ. ಮಾಪಕದ ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರಬೇಕು. ಇದಕ್ಕಿಂತ ಕೆಳಗಿದ್ದರೆ ನೆಲಕ್ಕೆ ಬಡಿದ ಹನಿ ಸಿಡಿದು ಒಳಗೆ ಬೀಳುತ್ತದೆ, ಬಹಳ ಮೇಲಿದ್ದರೆ ಗಾಳಿ ಹನಿಯನ್ನು ಹಾರಿಸಿಕೊಂಡು ಹೋಗುತ್ತದೆ. ತಾರಸಿಯ ಮೇಲೆ ಇಡುವುದು ಸರಿಯಲ್ಲ ಎನ್ನುವುದೂ ಇದೇ ಕಾರಣಕ್ಕೆ. ಬಾಯಿ ವಾಲದೆ ಮಟ್ಟಸವಾಗಿರಲಿ. ದನಕರು ಕೆಡವದಂತೆ ಸುತ್ತಲೂ ತಗ್ಗಾದ ಬೇಲಿ ಹಾಕಿ. ಹೊಲ ಮನೆಯಿಂದ ಒಂದೆರಡು ಮೈಲಿ ದೂರವಿದ್ದರೆ ಮಾಪಕ ಹೊಲದಲ್ಲಿರುವುದೇ ಲೇಸು.

ಓದುವ ಮತ್ತು ಬರೆಯುವ ಕ್ರಮ

ಪ್ರತಿದಿನ ಬೆಳಗ್ಗೆ 8.30ಕ್ಕೆ ಓದಬೇಕು. ಭಾರತ ಹವಾಮಾನ ಇಲಾಖೆ ದೇಶದಾದ್ಯಂತ ಅನುಸರಿಸುವ ಹೊತ್ತು ಇದೇ. ನೀವೂ ಇದನ್ನೇ ಅನುಸರಿಸಿದರೆ ನಿಮ್ಮ ಲೆಕ್ಕವನ್ನು ಹೋಬಳಿಯ ಲೆಕ್ಕದ ಜೊತೆ ಹೋಲಿಸಬಹುದು. ಹಿಂದಿನ ದಿನದ 8.30ರಿಂದ ಈ ದಿನದ 8.30ರವರೆಗೆ ಬಿದ್ದ ಮಳೆಯನ್ನು ಈ ದಿನದ ತಾರೀಖಿಗೆ ಬರೆಯಬೇಕು. ಶಾಲೆಗೆ ಹೊರಡುವ ಮುನ್ನ ಮಕ್ಕಳು ಮಾಡಬಹುದಾದ ಕೆಲಸ ಇದು. ಮನೆಯವರಲ್ಲಿ ಒಬ್ಬರು ಇದರ ಹೊಣೆ ಹೊರಲಿ.

ನೀರಿನ ಮಟ್ಟವನ್ನು ಕಣ್ಣಿನ ಸಮಕ್ಕೆ ಹಿಡಿದು ನೋಡಬೇಕು, ಮೇಲಿನಿಂದ ಬಗ್ಗಿ ನೋಡಿದರೆ ತಪ್ಪಾಗುತ್ತದೆ. ಆಲಿಕಲ್ಲು ಬಿದ್ದಿದ್ದರೆ ಕರಗಿದ ಮೇಲೆ ಅಳೆಯಿರಿ. ಮಳೆ ಬಾರದ ದಿನ ಜಾಗ ಖಾಲಿ ಬಿಡಬೇಡಿ, ಸೊನ್ನೆ ಬರೆಯಿರಿ. ಖಾಲಿ ಜಾಗ ಕಂಡರೆ ಮಳೆ ಬರಲಿಲ್ಲವೋ, ಓದಲು ಮರೆತಿರೋ ಎಂಬುದು ಆರು ತಿಂಗಳ ಮೇಲೆ ಯಾರಿಗೂ ತಿಳಿಯದು.

ಪುಸ್ತಕದಲ್ಲಿ ತಾರೀಖು, ಮಳೆ ನಕ್ಷತ್ರ, ಮಿ.ಮೀ., ಷರಾ ಎಂದು ನಾಲ್ಕು ಕಲಮು ಹಾಕಿ. ಮಳೆ ನಕ್ಷತ್ರದ ಕಲಮನ್ನು ಬಿಡಬೇಡಿ. ಹದಿಮೂರು ಹದಿನಾಲ್ಕು ದಿನಗಳಿಗೊಂದು ನಕ್ಷತ್ರವೆಂದು ಮಳೆಗಾಲವನ್ನು ಭಾಗ ಮಾಡಿಕೊಂಡದ್ದು ನಮ್ಮ ಹಿರಿಯರ ಒಳ್ಳೆಯ ವ್ಯವಸ್ಥೆ. ಆರಿದ್ರಾದಲ್ಲಿ ಒಟ್ಟು ಎಷ್ಟು, ಮಘದಲ್ಲಿ ಎಷ್ಟು ಎಂದು ಕೂಡಿಸಿಟ್ಟರೆ ಹಿರಿಯರ ಮಾತಿಗೂ ನಿಮ್ಮ ಅಂಕಿಗೂ ತಾಳೆ ನೋಡಬಹುದು. ಷರಾದಲ್ಲಿ ಮಳೆ ಎಷ್ಟು ಹೊತ್ತು ಸುರಿಯಿತು, ಅಂದು ಹೊಲದಲ್ಲಿ ಏನು ಕೆಲಸ ಮಾಡಿದಿರಿ ಎಂದು ಒಂದು ಸಾಲು ಬರೆಯಿರಿ.

ಬಿತ್ತನೆಯ ತೀರ್ಮಾನ

ಒಣಗಿದ ಮಣ್ಣಿಗೆ 25 ಮಿ.ಮೀ. ಮಳೆ ಬಿದ್ದು ಪೂರ್ತಿ ಇಂಗಿದರೆ ಎಷ್ಟು ಆಳ ನೆನೆಯುತ್ತದೆ? ಮರಳು ಹೆಚ್ಚಿರುವ ಮಣ್ಣಿನಲ್ಲಿ ಸುಮಾರು 25 ರಿಂದ 30 ಸೆಂ.ಮೀ., ಗೋಡುಮಣ್ಣಿನಲ್ಲಿ 15 ರಿಂದ 20 ಸೆಂ.ಮೀ., ಎರೆಭೂಮಿಯಲ್ಲಿ 10 ರಿಂದ 12 ಸೆಂ.ಮೀ. ಮಣ್ಣು ಜಿಗುಟಾದಷ್ಟೂ ಅದು ಹೆಚ್ಚು ನೀರನ್ನು ತನ್ನಲ್ಲೇ ಹಿಡಿದುಕೊಳ್ಳುವುದರಿಂದ ಆಳಕ್ಕೆ ಇಳಿಯುವುದು ಕಡಿಮೆ. ಬೇಸಗೆಯಲ್ಲಿ ಬಿರುಕು ಬಿಟ್ಟ ಎರೆಭೂಮಿಯಲ್ಲಿ ಮೊದಲ ಮಳೆಯ ಒಂದು ಪಾಲು ಬಿರುಕಿನೊಳಕ್ಕೇ ಹೋಗುತ್ತದೆ.

ಈಗ ಗೋಡುಮಣ್ಣಿನ ಹೊಲಕ್ಕೆ 8 ಮಿ.ಮೀ. ಮಳೆ ಬಂದಿತೆನ್ನಿ. ಐದಾರು ಸೆಂ.ಮೀ. ನೆನೆಯುತ್ತದೆ. ಐದು ಸೆಂ.ಮೀ. ಆಳಕ್ಕೆ ಬಿದ್ದ ಶೇಂಗಾ ಬೀಜಕ್ಕೆ ಮೊಳೆಯುವಷ್ಟು ತೇವ ಸಿಗುತ್ತದೆ. ಆದರೆ ಬೇರು ಕೆಳಗಿಳಿದಾಗ ಅಲ್ಲಿ ಸಿಗುವುದು ಒಣ ಮಣ್ಣು. ಮೇಲಿನ ತೇವವೋ ಬಿಸಿಲು ಗಾಳಿಗೆ ದಿನಕ್ಕೆ 4 ರಿಂದ 6 ಮಿ.ಮೀ. ಆರಿಹೋಗುತ್ತದೆ. ಎರಡೇ ದಿನದಲ್ಲಿ ಆ 8 ಮಿ.ಮೀ. ಮುಗಿಯುತ್ತದೆ. ಮುಂದಿನ ಮಳೆ ವಾರ ತಡವಾದರೆ ಮೊಳಕೆ ನೆಲದಲ್ಲೇ ಸಾಯುತ್ತದೆ. ಎಕರೆಗೆ 40 ರಿಂದ 50 ಕಿಲೋ ಬೀಜ ಬೇಡುವ ಶೇಂಗಾದಲ್ಲಿ ಈ ನಷ್ಟವನ್ನು ಸಣ್ಣ ರೈತರು ತಡೆದುಕೊಳ್ಳಲಾರರು.

ಆದ್ದರಿಂದ ಕೆಂಪು ಮಣ್ಣಿನಲ್ಲಿ ಒಂದೆರಡು ದಿನಗಳಲ್ಲಿ ಸೇರಿ 25 ಮಿ.ಮೀ. ಅಥವಾ ಹೆಚ್ಚು ಮಳೆಯಾದ ಮೇಲೆ ಬಿತ್ತನೆ ಮಾಡುವುದು ಕ್ಷೇಮ. ಇಲ್ಲಿ "ಒಂದೆರಡು ದಿನಗಳಲ್ಲಿ" ಎಂಬ ಮಾತು ಮುಖ್ಯ. ಸೋಮವಾರ 12 ಮಿ.ಮೀ., ಮಂಗಳವಾರ ಬುಧವಾರ ಸೊನ್ನೆ, ಗುರುವಾರ 16 ಮಿ.ಮೀ. ಬಂದರೆ ಒಟ್ಟು 28 ಆಯಿತೆಂದು ಹಿಗ್ಗಬಾರದು. ನಡುವಿನ ಮೂರು ದಿನ ದಿನಕ್ಕೆ 4 ರಂತೆ ಆರಿದ್ದನ್ನು ಕಳೆದರೆ ಉಳಿದದ್ದು 16 ಮಾತ್ರ. ಬ್ಯಾಂಕಿನ ಪಾಸ್ ಪುಸ್ತಕದಂತೆ ಜಮೆಯನ್ನೂ ಖರ್ಚನ್ನೂ ನೋಡಬೇಕು. ಅದೇ 28 ಮಿ.ಮೀ. ಎರಡು ರಾತ್ರಿ ಸಾಲಾಗಿ ಬಂದಿದ್ದರೆ ಕೂರಿಗೆ ಹೂಡಲು ಅಡ್ಡಿಯಿಲ್ಲ.

ಮಾಪಕ ಬಂದಿತೆಂದು ಮಣ್ಣನ್ನು ಕೈಯಲ್ಲಿ ಹಿಡಿದು ನೋಡುವುದನ್ನು ಬಿಡಬಾರದು. ಗುದ್ದಲಿಯಿಂದ ಅಗೆದು ತೇವ ಎಲ್ಲಿಯವರೆಗೆ ಇಳಿದಿದೆ ನೋಡಿ, ಮಣ್ಣನ್ನು ಉಂಡೆ ಕಟ್ಟಿ ಹದ ಪರೀಕ್ಷಿಸಿ. ಕೈ ಹೇಳುವುದೂ ಅಂಕಿ ಹೇಳುವುದೂ ಹೊಂದಿದಾಗ ಧೈರ್ಯದಿಂದ ಬಿತ್ತಬಹುದು.

ಮಳೆ ಹಿಂದೆ ಬಿದ್ದಾಗಲೂ ಪುಸ್ತಕ ನೆರವಾಗುತ್ತದೆ. ಬಿತ್ತನೆಗೆ ಸಾಲುವ ಮಳೆ ಜುಲೈ ತಿಂಗಳು ಮುಗಿದರೂ ಬಂದಿಲ್ಲವೆಂದು ಅಂಕಿಯೇ ತೋರಿಸಿದರೆ, ದೀರ್ಘಾವಧಿ ರಾಗಿಯ ಆಸೆ ಬಿಟ್ಟು ಅಲ್ಪಾವಧಿ ತಳಿಗೆ ಅಥವಾ ಹುರುಳಿಯಂಥ ಬೆಳೆಗೆ ತಿರುಗುವುದು ವಿವೇಕ.

ಬೆಳೆ ನಿಂತ ಮೇಲೆ

ಹವಾಮಾನ ಇಲಾಖೆಯವರು 2.5 ಮಿ.ಮೀ. ಅಥವಾ ಹೆಚ್ಚು ಮಳೆ ಬಂದ ದಿನವನ್ನು ಮಾತ್ರ ಮಳೆಯ ದಿನವೆಂದು ಎಣಿಸುತ್ತಾರೆ. ಅದಕ್ಕಿಂತ ಕಡಿಮೆ ಬಿದ್ದದ್ದು ಎಲೆಯ ಮೇಲೆ, ಮಣ್ಣಿನ ಮೇಲ್ಪದರದಲ್ಲಿ ನಿಂತು ಆರಿಹೋಗುತ್ತದೆ. ದಿನವೂ ಮೋಡ ಕವಿದು ನಾಲ್ಕು ಹನಿ ಬೀಳುತ್ತಿದ್ದರೆ "ಮಳೆ ಹಿಡಿದಿದೆ" ಎಂದು ತೋರುತ್ತದೆ. ಪುಸ್ತಕ ತೆರೆದು ನೋಡಿದರೆ ಹತ್ತು ದಿನದಿಂದ 2.5 ಮಿ.ಮೀ. ಮುಟ್ಟಿಲ್ಲವೆಂದು ತಿಳಿಯುತ್ತದೆ. ಅದು ಬರದ ಮೊದಲ ಸೂಚನೆ. ಕೂಡಲೆ ಎಡೆಕುಂಟೆ ಹಾಯಿಸಿ ಕಳೆ ತೆಗೆದು ಮೇಲ್ಮಣ್ಣು ಸಡಿಲ ಮಾಡಿದರೆ ಕೆಳಗಿನ ತೇವ ಉಳಿಯುತ್ತದೆ.

ಮೇಲುಗೊಬ್ಬರಕ್ಕೂ ಮಳೆಯ ಲೆಕ್ಕ ಬೇಕು. ಒಣ ಮಣ್ಣಿನ ಮೇಲೆ ಚೆಲ್ಲಿದ ಯೂರಿಯಾದ ಸಾರಜನಕ ಸ್ವಲ್ಪ ಭಾಗ ಆವಿಯಾಗಿ ಹೋಗುತ್ತದೆ. ಭಾರಿ ಮಳೆಯ ಮುನ್ನ ಹಾಕಿದರೆ ಕೊಚ್ಚಿ ಹೋಗುತ್ತದೆ ಅಥವಾ ಬೇರಿಗೆ ಎಟುಕದ ಆಳಕ್ಕೆ ಇಳಿಯುತ್ತದೆ. 15 ರಿಂದ 20 ಮಿ.ಮೀ. ಮಳೆಯಾಗಿ, ನೀರು ಇಂಗಿ, ಕಾಲಿಗೆ ಮಣ್ಣು ಅಂಟದಂತಾದಾಗ ಸಾಲಿನ ಪಕ್ಕಕ್ಕೆ ಕೊಟ್ಟು ಮಣ್ಣು ಮುಚ್ಚುವುದು ಒಳ್ಳೆಯದು.

ನೀರಾವರಿ ಇರುವವರಿಗೆ ಮಳೆಮಾಪಕ ಬೇಡವೆಂದು ತಿಳಿಯಬೇಡಿ. ತುಂಬು ಬೆಳವಣಿಗೆಯ ಮುಸುಕಿನ ಜೋಳ ದಿನಕ್ಕೆ ಸುಮಾರು 5 ಮಿ.ಮೀ. ನೀರು ಬಳಸುತ್ತದೆ. 20 ಮಿ.ಮೀ. ಮಳೆ ಹೊಲದಲ್ಲಿ ಇಂಗಿದರೆ ಮುಂದಿನ ನೀರನ್ನು ನಾಲ್ಕು ದಿನ ಮುಂದಕ್ಕೆ ಹಾಕಬಹುದು. ಎಕರೆಗೆ 80,000 ಲೀಟರ್ ನೀರು ಕೊಳವೆ ಬಾವಿಯಲ್ಲೇ ಉಳಿಯುತ್ತದೆ. ನೆನ್ನೆಯೇ ನೀರು ಕಟ್ಟಿದ್ದರೆ ಮಾತ್ರ ಈ ಲೆಕ್ಕ ಹೊಂದದು, ತುಂಬಿದ ಕೊಡಕ್ಕೆ ಮತ್ತೆ ಸುರಿದಂತೆ ಅದು ಹರಿದು ಹೋಗುತ್ತದೆ.

ಬಂದದ್ದೆಷ್ಟು, ಉಳಿದದ್ದೆಷ್ಟು?

ಮಳೆಮಾಪಕದ ಬಹು ದೊಡ್ಡ ಉಪಯೋಗವೊಂದಿದೆ. ಅದು ಬಂದ ಮಳೆಯನ್ನು ಹೇಳುತ್ತದೆ, ಗುದ್ದಲಿ ಹೊಲದಲ್ಲಿ ಉಳಿದ ಮಳೆಯನ್ನು ಹೇಳುತ್ತದೆ. ಒಣಗಿದ್ದ ಗೋಡುಮಣ್ಣಿನ ಹೊಲಕ್ಕೆ 25 ಮಿ.ಮೀ. ಬಿದ್ದ ಮಾರನೆಯ ದಿನ ನಾಲ್ಕೈದು ಕಡೆ ಅಗೆದು ನೋಡಿ. 15 ರಿಂದ 20 ಸೆಂ.ಮೀ. ನೆನೆದಿದ್ದರೆ ಬಿದ್ದ ನೀರೆಲ್ಲ ನಿಮ್ಮದಾಯಿತು. 8 ಸೆಂ.ಮೀ. ಮಾತ್ರ ನೆನೆದಿದ್ದರೆ ಅರ್ಧದಷ್ಟು ನೀರು ಹೊಲ ಬಿಟ್ಟು ಹೋಗಿದೆ. ಎಕರೆಗೆ ಐವತ್ತು ಸಾವಿರ ಲೀಟರ್. ಅದು ಬರಿಗೈಯಲ್ಲಿ ಹೋಗಿರುವುದಿಲ್ಲ, ನಿಮ್ಮ ಫಲವತ್ತಾದ ಮೇಲ್ಮಣ್ಣನ್ನೂ ಹೊತ್ತುಕೊಂಡು ಹೋಗಿರುತ್ತದೆ.

ಇಂಥ ಹೊಲದಲ್ಲಿ ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮತ್ತು ಬಿತ್ತನೆ ಮಾಡಬೇಕು. ಒಡೆದ ಬದುಗಳನ್ನು ಸರಿಪಡಿಸಬೇಕು. ಬೆಳೆಯ ಸಾಲುಗಳ ನಡುವೆ ಅಲ್ಲಲ್ಲಿ ನೀರು ಹಿಡಿಯುವ ಆಳದ ಸಾಲು ತೆಗೆಯಬೇಕು. ವಿಜಯಪುರ ಕಡೆಯ ಎರೆಭೂಮಿಯಲ್ಲಿ ಮುಂಗಾರಿನಲ್ಲೇ ಚೌಕುಮಡಿ ಕಟ್ಟಿ ನೀರು ಇಂಗಿಸುವುದು ಹಿಂಗಾರಿ ಜೋಳಕ್ಕೆ ಆಧಾರ. ಆ ಜೋಳ ಬಿತ್ತಿದ ಮೇಲೆ ಬರುವ ಮಳೆ ಅಲ್ಪ, ಅದು ಬದುಕುವುದು ಮಣ್ಣಿನಲ್ಲಿ ಕೂಡಿಟ್ಟ ತೇವದಿಂದ. ಹುಬ್ಬ, ಉತ್ತರೆ, ಹಸ್ತ ಮಳೆಗಳ ಮೊತ್ತವನ್ನು ಪುಸ್ತಕದಲ್ಲಿ ಕೂಡಿಸಿ ನೋಡಿದರೆ ಈ ಸಲ ಜೋಳಕ್ಕೆ ಎಷ್ಟು ಭರವಸೆ ಇಡಬಹುದೆಂದು ಬಿತ್ತುವ ಮೊದಲೇ ಊಹಿಸಬಹುದು.

ಮನೆಯ ಮಾಳಿಗೆಯ ನೀರನ್ನೂ ಇದೇ ಲೆಕ್ಕಕ್ಕೆ ಸೇರಿಸಿ. 100 ಚದರ ಮೀಟರ್ ಮಾಳಿಗೆಯ ಮೇಲೆ 25 ಮಿ.ಮೀ. ಬಿದ್ದರೆ 2,500 ಲೀಟರ್. ಅದರಲ್ಲಿ ಸ್ವಲ್ಪ ಚೆಲ್ಲಿ ಹೋದರೂ ದನಕರುಗಳ ನೀರಿನ ಚಿಂತೆ ಕೆಲವು ದಿನ ದೂರವಾಗುತ್ತದೆ.

ಸರ್ಕಾರದ ಮಾಪಕ ಇದೆಯಲ್ಲ?

ಇದೆ, ಮತ್ತು ಬಹಳ ಉಪಯುಕ್ತವಾದ ವ್ಯವಸ್ಥೆ ಅದು. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಪ್ರಾರಂಭವಾಗಿ, ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆಂದು ಹೆಸರಾಗಿರುವ ಸಂಸ್ಥೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಅಳೆದು ಸುದ್ದಿ ಕಳಿಸುವ ಮಾಪಕಗಳನ್ನು ಇಟ್ಟಿದೆ. ಇವುಗಳ ಒಳಗೆ ತೂಗುಮಣೆಯಂತೆ ಎರಡು ಪುಟ್ಟ ಬಟ್ಟಲುಗಳಿರುತ್ತವೆ. ಗೊತ್ತುಪಡಿಸಿದಷ್ಟು ನೀರು ತುಂಬಿದೊಡನೆ ಒಂದು ಬಟ್ಟಲು ಮಗುಚಿ ಇನ್ನೊಂದು ಮೇಲೇಳುತ್ತದೆ. ಎಷ್ಟು ಸಲ ಮಗುಚಿತೆಂದು ಎಣಿಸಿ ಮಳೆಯ ಲೆಕ್ಕ ಹಾಕುತ್ತಾರೆ.

ಆದರೆ ಎತ್ತಿನ ಒಂದು ಕೊಂಬು ನೆನೆದು ಇನ್ನೊಂದು ನೆನೆಯದ ಮಳೆಯೂ ಉಂಟೆಂದು ನಮ್ಮಲ್ಲಿ ಹೇಳುತ್ತಾರೆ. ಮುಂಗಾರಿನ ಮುಂಚಿನ ಗುಡುಗು ಮೋಡ ಕೆಲವೇ ಕಿಲೋಮೀಟರ್ ಅಗಲದ್ದು. ಪಂಚಾಯಿತಿಯ ಮಾಪಕದ ಮೇಲೆ 30 ಮಿ.ಮೀ. ಸುರಿಸಿದ ಮೋಡ ನಿಮ್ಮ ಹೊಲಕ್ಕೆ ಬರುವಷ್ಟರಲ್ಲಿ ಬರಿದಾಗಿರಬಹುದು. ಬಿತ್ತುವುದು ನಿಮ್ಮ ಹೊಲದಲ್ಲಿ, ಆದ್ದರಿಂದ ಬಿತ್ತನೆಗೆ ನೋಡಬೇಕಾದ್ದು ನಿಮ್ಮ ಹೊಲದ ಅಂಕಿ.

ಅಡಿಕೆ, ಮೆಣಸು, ದಾಳಿಂಬೆಯಂಥ ಬೆಳೆಗಳಿಗೆ 2016ರಿಂದ ಜಾರಿಯಲ್ಲಿರುವ ಮರುವಿನ್ಯಾಸಗೊಳಿಸಿದ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ತೀರ್ಮಾನವಾಗುವುದು ಗೊತ್ತುಪಡಿಸಿದ ಮಾಪನ ಕೇಂದ್ರದ ಅಂಕಿಯ ಮೇಲೆ, ನಿಮ್ಮ ಪುಸ್ತಕದ ಮೇಲಲ್ಲ. ಇದು ಸ್ಪಷ್ಟವಾಗಿ ತಿಳಿದಿರಲಿ. ಆದರೂ ಊರಿನ ಹತ್ತು ಮನೆಗಳ ಪುಸ್ತಕದಲ್ಲಿ ಒಂದೇ ತೆರನಾದ ಅಂಕಿಯಿದ್ದು, ಕೇಂದ್ರದ ಅಂಕಿ ಅದಕ್ಕೆ ತೀರ ದೂರವಿದ್ದರೆ, ಮಾಪಕ ಕೆಟ್ಟಿದೆಯೇ ಪರೀಕ್ಷಿಸಿ ಎಂದು ಕೃಷಿ ಇಲಾಖೆಯವರನ್ನು ಕೇಳಲು ನಿಮ್ಮಲ್ಲಿ ಆಧಾರವಿರುತ್ತದೆ. ಬರಿ ಮಾತಿಗಿಂತ ತಾರೀಖು ಸಹಿತ ಬರೆದ ಅಂಕಿಗೆ ತೂಕ ಹೆಚ್ಚು.

ಗಮನದಲ್ಲಿಡಬೇಕಾದ ಅಂಶಗಳು

ಆಲಿಕೆಯಲ್ಲಿ ಎಲೆ, ಜೇಡನ ಬಲೆ, ಹಕ್ಕಿಯ ಹಿಕ್ಕೆ ಸೇರದಂತೆ ವಾರಕ್ಕೊಮ್ಮೆ ತೊಳೆಯಿರಿ. ಬಾಟಲಿಯಲ್ಲಿ ಪಾಚಿ ಕಟ್ಟಿದರೆ ಬದಲಾಯಿಸಿ. ನಿಂತ ನೀರಿನಲ್ಲಿ ಸೊಳ್ಳೆ ಮರಿ ಆಗದಂತೆ ನೋಡಿಕೊಳ್ಳಿ. ಪ್ಲಾಸ್ಟಿಕ್ ಬಿಸಿಲಿಗೆ ಬಿರುಕು ಬಿಡುವುದರಿಂದ ಪ್ರತಿ ಮುಂಗಾರಿನ ಮುನ್ನ ಸೋರುವುದೇ ಎಂದು ಪರೀಕ್ಷಿಸಿ. ಮಾಪಕದ ಜಾಗವನ್ನು ಪದೇ ಪದೇ ಬದಲಾಯಿಸಬೇಡಿ.

ಒಂದು ವರ್ಷದ ಲೆಕ್ಕ ಆ ವರ್ಷದ ಬೆಳೆಗೆ ನೆರವಾಗುತ್ತದೆ. ಹತ್ತು ವರ್ಷದ ಲೆಕ್ಕ ಮನೆಯ ಆಸ್ತಿಯಾಗುತ್ತದೆ. ಯಾವ ನಕ್ಷತ್ರದಲ್ಲಿ ಎಷ್ಟು ಸಲ ಮಳೆ ಕೈಕೊಟ್ಟಿದೆ, ಹೊಡೆ ಬಿಚ್ಚುವ ಹೊತ್ತಿಗೆ ಬರ ಬೀಳುವುದು ಎಷ್ಟು ವರ್ಷಕ್ಕೊಮ್ಮೆ, ಕೃಷಿಹೊಂಡ ತೋಡಿದರೆ ತುಂಬುವಷ್ಟು ಮಳೆ ನಮಗಿದೆಯೇ ಎಂಬ ಪ್ರಶ್ನೆಗಳಿಗೆ ನಿಮ್ಮದೇ ನೆಲದ ಉತ್ತರ ಆ ಪುಸ್ತಕದಲ್ಲಿರುತ್ತದೆ. ಹೊಲದ ಪಾಲನ್ನು ಮಕ್ಕಳಿಗೆ ಬಿಟ್ಟುಹೋಗುವವರು ಆ ಹೊಲದ ಮಳೆಯ ಲೆಕ್ಕವನ್ನೂ ಬಿಟ್ಟುಹೋದರೆ ಅವರಿಗೆ ಬೇಸಾಯ ಸ್ವಲ್ಪ ಸುಲಭವಾದೀತು.

ಮಳೆ ತರಿಸುವುದು ನಮ್ಮ ಕೈಯಲ್ಲಿಲ್ಲ. ಬಂದ ಮಳೆಯನ್ನು ಅಳೆಯುವುದು, ಅಳೆದದ್ದನ್ನು ಬರೆಯುವುದು, ಬರೆದದ್ದನ್ನು ನೋಡಿ ಕೆಲಸಕ್ಕೆ ಇಳಿಯುವುದು ನಮ್ಮ ಕೈಯಲ್ಲಿದೆ. ಒಂದು ಆಲಿಕೆ, ಒಂದು ಕ್ಯಾನು, ನಲವತ್ತು ಪುಟದ ಒಂದು ನೋಟ್ ಪುಸ್ತಕ, ದಿನಕ್ಕೆ ಎರಡು ನಿಮಿಷ. ಬರುವ ಭರಣಿ ಮಳೆಗೆ ಮುಂಚೆಯೇ ನಿಮ್ಮ ಅಂಗಳದಲ್ಲಿ ಮಳೆಮಾಪಕ ಸಿದ್ಧವಾಗಿರಲಿ.